ಐದು ವರ್ಷ ತುಂಬಲಿಲ್ಲ ಅಂದರು: ಅಮ್ಮನ ಗ್ರಾಚ್ಯುಟಿ ಲೆಕ್ಕ ಎಲ್ಲಿ ತಪ್ಪಿತು?

ಪ್ರಶ್ನೆ: ನಮ್ಮಮ್ಮ ಪೀಣ್ಯದ ಹತ್ತಿರ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದರು. 2020ರ ಆಗಸ್ಟ್ 17ಕ್ಕೆ ಸೇರಿದ್ದು. ಮೊದಲ ಮೂರು ತಿಂಗಳು 'ಟ್ರೈನಿ' ಅಂತ ಇಟ್ಟುಕೊಂಡಿದ್ದರು. 2022ರಲ್ಲಿ ಗರ್ಭಕೋಶದ ಆಪರೇಷನ್ ಆಗಿ ಎರಡೂವರೆ ತಿಂಗಳು ಇ.ಎಸ್.ಐ. ರಜೆಯಲ್ಲಿದ್ದರು. 2023ರಲ್ಲಿ ಅಜ್ಜಿ ತೀರಿಕೊಂಡಾಗ ಹೇಳದೆ ಊರಿಗೆ ಹೋಗಿ 18 ದಿನ ಕೆಲಸಕ್ಕೆ ಹೋಗಲಿಲ್ಲ. ಮಂಡಿ ನೋವು ಜಾಸ್ತಿಯಾಗಿ 2025ರ ಜೂನ್ 9ಕ್ಕೆ ಕೆಲಸ ಬಿಟ್ಟರು. ಬೇಸಿಕ್ ಮತ್ತು ಡಿ.ಎ. ಸೇರಿ ಕೊನೆಯ ಸಂಬಳ 13,000 ರೂಪಾಯಿ. ಗ್ರಾಚ್ಯುಟಿ ಕೇಳಿದರೆ ಹೆಚ್.ಆರ್.ನವರು, "ಐದು ವರ್ಷ ಆಗಿಲ್ಲ. ಟ್ರೈನಿಂಗ್ ಲೆಕ್ಕಕ್ಕಿಲ್ಲ. ಆಪರೇಷನ್ ಆದ ವರ್ಷ 240 ದಿನ ಬಂದಿಲ್ಲ, ಅದೂ ಹೋಯಿತು. ಹೇಳದೆ ರಜೆ ಹಾಕಿದ್ದಕ್ಕೆ ಸರ್ವಿಸ್ ಬ್ರೇಕ್ ಆಗಿದೆ" ಅಂದರು. ಎಲ್ಲಾ ಬಾಕಿ ಬಂದಿದೆ ಅಂತ ಒಂದು ಪೇಪರಿಗೆ ಸಹಿಯನ್ನೂ ಹಾಕಿಸಿಕೊಂಡಿದ್ದಾರೆ. ಇನ್ನೊಂದು ವಿಷಯ. ನಮ್ಮ ದೊಡ್ಡಮ್ಮ ಅದೇ ಫ್ಯಾಕ್ಟರಿಯಲ್ಲಿ 2014ರ ಮಾರ್ಚ್ 3ರಿಂದ ಇದ್ದಾರೆ. ಮಗಳ ಮದುವೆಗೆ ಪಿ.ಎಫ್. ತೆಗೆಯಬೇಕು ಅಂತ 2018ರ ನವೆಂಬರ್ 24ಕ್ಕೆ ರಾಜೀನಾಮೆ ಕೊಟ್ಟು, ಎರಡು ವಾರದ ಮೇಲೆ ಹೊಸ ನಂಬರಿನಲ್ಲಿ ಮತ್ತೆ ಸೇರಿದರು. ಅವರ ಹಳೇ ಸರ್ವಿಸ್ ಪೂರ್ತಿ ಹೋದಂತೆಯೇ?

ಉತ್ತರ: ನಿಮ್ಮ ಅಮ್ಮನಿಗೆ ಗ್ರಾಚ್ಯುಟಿ, ಅಂದರೆ ದುಡಿದ ವರ್ಷಗಳ ಲೆಕ್ಕದಲ್ಲಿ ಕೆಲಸ ಬಿಡುವಾಗ ಮಾಲೀಕರು ಒಟ್ಟಾಗಿ ಕೊಡಬೇಕಾದ ಹಣ, ಬರಬೇಕು. ನನ್ನ ಲೆಕ್ಕದಲ್ಲಿ 37,500 ರೂಪಾಯಿ, ಅದರ ಮೇಲೆ ಬಡ್ಡಿ. ಹೆಚ್.ಆರ್. ಹೇಳಿದ ನಾಲ್ಕು ಮಾತಿನಲ್ಲಿ ಮೂರಕ್ಕೆ ಕಾನೂನಿನ ಆಧಾರವೇ ಇಲ್ಲ. ಐದು ವರ್ಷದ ಮಾತೊಂದು ವಾದ ಮಾಡುವಂಥದ್ದು, ಅದರಲ್ಲೂ ಅಮ್ಮನ ಪಕ್ಷವೇ ಗಟ್ಟಿ. ದೊಡ್ಡಮ್ಮನ ವಿಷಯ ಸ್ವಲ್ಪ ತೊಡಕಿನದು, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂದು ಮಾತು ತಿಳಿದುಕೊಳ್ಳಿ. 'ಸರ್ವಿಸ್' ಅನ್ನುವುದಕ್ಕೆ ನಮ್ಮ ಕಾನೂನಿನಲ್ಲಿ ಒಂದೇ ಅಳತೆ ಇಲ್ಲ. ಬೋನಸ್‌ಗೆ ಆ ವರ್ಷ 30 ದಿನ ಕೆಲಸ ಮಾಡಿದ್ದರೆ ಸಾಕು. ಹೆರಿಗೆ ರಜೆಯ ಸಂಬಳಕ್ಕೆ, ಹೆರಿಗೆಯ ನಿರೀಕ್ಷಿತ ದಿನಕ್ಕೆ ಮುಂಚಿನ 12 ತಿಂಗಳಲ್ಲಿ 80 ದಿನ. ಅದೇ ಹೆರಿಗೆ ಸೌಲಭ್ಯ ಇ.ಎಸ್.ಐ. ಮೂಲಕ ಬರುವುದಾದರೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ (ಒಂದೊಂದೂ ಆರು ತಿಂಗಳು) 70 ದಿನದ ವಂತಿಗೆ. ಇ.ಎಸ್.ಐ. ಕಾಯಿಲೆ ಭತ್ಯೆಗೆ 78 ದಿನ. 2025ರ ನವೆಂಬರ್‌ವರೆಗೆ ಇದ್ದ ಫ್ಯಾಕ್ಟರಿ ಕಾಯ್ದೆಯಲ್ಲಿ ಸಂಬಳ ಸಹಿತ ರಜೆಗೆ ವರ್ಷಕ್ಕೆ 240 ದಿನ ಬೇಕಿತ್ತು. ಗ್ರಾಚ್ಯುಟಿಗೆ ಐದು ವರ್ಷ. ಪಿ.ಎಫ್. ಪಿಂಚಣಿಗೆ ಹತ್ತು ವರ್ಷ. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಚ್ಚಿದರೆ ಲೆಕ್ಕ ಕೆಡುತ್ತದೆ. ಫ್ಯಾಕ್ಟರಿ ಆಫೀಸುಗಳಲ್ಲಿ ಸಾಮಾನ್ಯವಾಗಿ ಆಗುವುದೇ ಇದು. ರಜೆಯ ಲೆಕ್ಕಕ್ಕೆ ಬರೆದಿಟ್ಟ 240ರ ಪಟ್ಟಿಯನ್ನೇ ಗ್ರಾಚ್ಯುಟಿಗೂ ಹಿಡಿಯುತ್ತಾರೆ.

ಇನ್ನೂ ಒಂದು ವಿಷಯ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ, 1972ರ ಗ್ರಾಚ್ಯುಟಿ ಪಾವತಿ ಕಾಯ್ದೆಯ ಜಾಗಕ್ಕೆ ಅದೇ ಬಂದಿದೆ. ಆದರೆ ಅಮ್ಮ ಕೆಲಸ ಬಿಟ್ಟಿದ್ದು ಜೂನ್‌ನಲ್ಲಿ. ಅವರ ಹಕ್ಕು ಹುಟ್ಟಿದ್ದು ಹಳೇ ಕಾಯ್ದೆಯಲ್ಲಿ, ಹೊಸದು ಬಂದ ಮಾತ್ರಕ್ಕೆ ಅದು ಸಾಯುವುದಿಲ್ಲ. ಹಾಗಾಗಿ ಹಳೇ ಕಾಯ್ದೆಯನ್ನೇ ಹಿಡಿದು ಹೇಳುತ್ತೇನೆ.

ಆ ಕಾಯ್ದೆಯ 2ಎ ಸೆಕ್ಷನ್ ಈ ಇಡೀ ವಿಷಯದ ಬೇರು. 'ನಿರಂತರ ಸೇವೆ' ಅಂದರೆ ಏನು ಅಂತ ಹೇಳುವುದು ಅದೇ. ಅದರಲ್ಲಿ ಎರಡು ಭಾಗ ಇದೆ, ಎರಡನ್ನೂ ಬೇರೆ ಬೇರೆಯಾಗಿ ಓದಬೇಕು.

ಮೊದಲ ಭಾಗ ಹೇಳುವುದು ಇಷ್ಟು: ಒಬ್ಬರು ಕೆಲಸಕ್ಕೆ ಸೇರಿ ಬಿಡದೆ ನೌಕರಿಯಲ್ಲಿದ್ದರೆ ಅದು ನಿರಂತರ ಸೇವೆ. ಮಧ್ಯೆ ಕಾಯಿಲೆ ಬಂತು, ಅಪಘಾತ ಆಯಿತು, ರಜೆ ಹಾಕಿದರು, ಲೇಆಫ್ ಆಯಿತು (ಕೆಲಸವಿಲ್ಲ ಅಂತ ಸ್ವಲ್ಪ ಕಾಲ ಮನೆಗೆ ಕಳಿಸಿದರು), ಲಾಕೌಟ್ ಆಯಿತು (ಮಾಲೀಕರೇ ಬಾಗಿಲು ಹಾಕಿದರು), ಮುಷ್ಕರ ಆಯಿತು, ಅಥವಾ ಅವರದೇನೂ ತಪ್ಪಿಲ್ಲದೆ ಕೆಲಸ ನಿಂತಿತು ಅಂದರೆ ಆ ದಿನಗಳೂ ಸರ್ವಿಸ್‌ಗೆ ಸೇರುತ್ತವೆ. ಇಲ್ಲಿ 240ರ ಮಾತೇ ಇಲ್ಲ. ಗಮನಿಸಿ, ಇಲ್ಲವೇ ಇಲ್ಲ.

ಎರಡನೇ ಭಾಗದಲ್ಲಿ 240 ಬರುತ್ತದೆ. ಮೊದಲ ಭಾಗದ ಪ್ರಕಾರ ಒಂದು ವರ್ಷದ ನಿರಂತರ ಸೇವೆ ಆಗದವರಿಗೆ ಮಾತ್ರ ಅದು. ಅಂಥವರು ಹಿಂದಿನ 12 ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ, ಆ ವರ್ಷ ಪೂರ್ತಿ ನಿರಂತರ ಸೇವೆಯಲ್ಲಿ ಇದ್ದರು ಅಂತಲೇ ಭಾವಿಸಬೇಕು ಅನ್ನುತ್ತದೆ ಕಾನೂನು. ಗಣಿಯೊಳಗೆ ಕೆಲಸ ಮಾಡುವವರಿಗೆ ಮತ್ತು ವಾರಕ್ಕೆ ಆರು ದಿನಕ್ಕಿಂತ ಕಡಿಮೆ ನಡೆಯುವ ಸಂಸ್ಥೆಗಳಲ್ಲಿ ಇರುವವರಿಗೆ 190 ದಿನ ಸಾಕು. ಐದು ದಿನದ ವಾರದ ಐ.ಟಿ. ಕಂಪನಿಗಳಲ್ಲಿ ಇರುವ ನಮ್ಮ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ.

ಅಂದರೆ 240 ಅನ್ನುವುದು ಬೀಳುವ ಗೋಡೆಗೆ ಕೊಡುವ ಊರುಗೋಲು. ಗಟ್ಟಿಯಾಗಿ ನಿಂತಿರುವ ಗೋಡೆಗೆ ಅದರ ಅಗತ್ಯವಿಲ್ಲ. ಮಧ್ಯೆ ಸರ್ವಿಸ್ ತುಂಡಾದವರನ್ನು, ದಿನಗೂಲಿಯವರನ್ನು, ವರ್ಷ ತುಂಬದವರನ್ನು ಒಳಗೆ ಸೇರಿಸಿಕೊಳ್ಳಲು ಮಾಡಿದ ನಿಯಮ ಅದು. ಅದನ್ನೇ ತಿರುಗಿಸಿ, ನಾಲ್ಕೂ ವರ್ಷ ನೌಕರಿಯಲ್ಲೇ ಇದ್ದ ಹೆಂಗಸಿನ ಒಂದು ವರ್ಷವನ್ನು ಕಿತ್ತುಹಾಕುವುದಕ್ಕೆ ಬಳಸುತ್ತಿದ್ದಾರಲ್ಲ, ಇದನ್ನು ಓದಿದಾಗ ನನಗೆ ನಿಜವಾಗಿ ಸಂಕಟ ಆಗುತ್ತದೆ.

ಈಗ ಅಮ್ಮನ ಲೆಕ್ಕಕ್ಕೆ ಬರೋಣ.

ಆಪರೇಷನ್ ಆದ ವರ್ಷ. ಎರಡೂವರೆ ತಿಂಗಳು ಇ.ಎಸ್.ಐ. ರಜೆ ಅಂದರೆ ಸುಮಾರು 75 ದಿನ. 365ರಲ್ಲಿ ಅದನ್ನೂ, ಭಾನುವಾರಗಳನ್ನೂ, ಹಬ್ಬದ ರಜೆಗಳನ್ನೂ ಕಳೆದು 240ಕ್ಕಿಂತ ಕಡಿಮೆ ಅಂತ ತೋರಿಸಿದ್ದಾರೆ. ಆದರೆ ಕಾಯಿಲೆಯ ದಿನಗಳು ಸರ್ವಿಸ್ ತುಂಡು ಮಾಡುವುದಿಲ್ಲ ಅಂತ 2ಎ ಮೊದಲ ಭಾಗವೇ ಹೇಳಿಬಿಟ್ಟಿದೆ. ಅಲ್ಲಿಗೆ ಮುಗಿಯಿತು. ಆ ವರ್ಷ ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಇ.ಎಸ್.ಐ. ಆಸ್ಪತ್ರೆ ಕೊಟ್ಟ ಸರ್ಟಿಫಿಕೇಟ್ ಇದ್ದರೆ ಜೋಪಾನವಾಗಿ ಇಟ್ಟುಕೊಳ್ಳಿ. ಕಳೆದುಹೋಗಿದ್ದರೂ, ಕಾಯಿಲೆ ಭತ್ಯೆ ಕೊಟ್ಟ ದಾಖಲೆ ಇ.ಎಸ್.ಐ. ಬ್ರಾಂಚ್ ಆಫೀಸಿನಲ್ಲಿ ಇರುತ್ತದೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲೂ ಬಂದಿರುತ್ತದೆ.

ಟ್ರೈನಿಂಗ್ ತಿಂಗಳುಗಳು. ಗ್ರಾಚ್ಯುಟಿ ಕಾಯ್ದೆ ಹೊರಗಿಡುವುದು ಅಪ್ರೆಂಟಿಸ್‌ಗಳನ್ನು. 'ಟ್ರೈನಿ' ಅಂತ ಚೀಟಿಯಲ್ಲಿ ಬರೆದುಬಿಟ್ಟರೆ ಅಪ್ರೆಂಟಿಸ್ ಆಗುವುದಿಲ್ಲ. ಪ್ರೊಬೇಷನ್ ಅಂತ ಬರೆದಿದ್ದರೂ ಅಷ್ಟೇ, ಅದು ಸರ್ವಿಸೇ. ಅಮ್ಮ ಆ ಮೂರು ತಿಂಗಳು ಏನು ಮಾಡಿದರು ಅಂತ ಕೇಳಿ ನೋಡಿ. ಲೈನಿನಲ್ಲಿ ಕೂತು ಕಾಲರ್ ಹೊಲಿದರೇ, ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್ ಇತ್ತೇ, ಪಿ.ಎಫ್., ಇ.ಎಸ್.ಐ. ಕಡಿದರೇ? ಅಪ್ರೆಂಟಿಸ್ ಕಾಯ್ದೆಯಡಿ ನೋಂದಾಯಿಸಿದ ಒಪ್ಪಂದ ಏನಾದರೂ ಇತ್ತೇ? ಗಾರ್ಮೆಂಟ್ಸ್‌ನಲ್ಲಿ ಹೊಸಬರಿಗೆ ಅಂಥ ಒಪ್ಪಂದ ಮಾಡಿಸುವುದು ಅಪರೂಪ. ಒಪ್ಪಂದ ಇಲ್ಲದೆ, ಮಿಷನ್ ಮೇಲೆ ಕೂರಿಸಿ ಕೆಲಸ ತೆಗೆದುಕೊಂಡು ಪಿ.ಎಫ್. ಕಡಿದಿದ್ದರೆ ಅವರು ಮೊದಲ ದಿನದಿಂದಲೇ ನೌಕರರು.

ಹೇಳದೆ ಹೋದ 18 ದಿನ. ಇದರ ಹಿಂದೆ ಒಂದು ಕತೆ ಇದೆ, ನಮ್ಮ ಪಕ್ಕದ ಸೊಲ್ಲಾಪುರದ್ದು. ಅಲ್ಲಿನ ಲಕ್ಷ್ಮೀ ವಿಷ್ಣು ಟೆಕ್ಸ್‌ಟೈಲ್ ಮಿಲ್ಲಿನ ಕಾರ್ಮಿಕರ ಗ್ರಾಚ್ಯುಟಿ ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಲಾಲಪ್ಪ ಲಿಂಗಪ್ಪ ಕೇಸು ಅಂತ ಅದಕ್ಕೆ ಹೆಸರು. ಕಾಯಂ ಕಾರ್ಮಿಕರಾದರೂ ರಜೆ ಪಡೆಯದೆ ಗೈರಾಗಿ 240 ದಿನ ತುಂಬದ ವರ್ಷಗಳಿಗೆ ಗ್ರಾಚ್ಯುಟಿ ಇಲ್ಲ ಅಂತ 1981ರಲ್ಲಿ ಕೋರ್ಟ್ ಹೇಳಿತು. ಕಾರ್ಮಿಕರಿಗೆ ಅದು ದೊಡ್ಡ ಪೆಟ್ಟು. ಸಂಸತ್ತು ಸುಮ್ಮನಿರಲಿಲ್ಲ. 1984ರಲ್ಲಿ ಕಾಯ್ದೆ ತಿದ್ದಿ ಈ 2ಎ ಸೆಕ್ಷನ್ನನ್ನು ಸೇರಿಸಿತು, ಅದೂ 1981ರಿಂದಲೇ ಅನ್ವಯಿಸುವ ಹಾಗೆ. ರಜೆ ಇಲ್ಲದೆ ಗೈರಾದ ದಿನಗಳೂ ನಿರಂತರ ಸೇವೆಗೆ ಸೇರುತ್ತವೆ ಅಂತ ಅದರಲ್ಲಿ ಬರೆಯಿತು. ಒಂದೇ ಒಂದು ವಿನಾಯಿತಿ: ಆ ಗೈರನ್ನು ಸೇವಾಭಂಗ ಅಂತ ಪರಿಗಣಿಸಿ, ಸ್ಟ್ಯಾಂಡಿಂಗ್ ಆರ್ಡರ್ಸ್ (ಫ್ಯಾಕ್ಟರಿಯ ಕೆಲಸದ ಷರತ್ತುಗಳ ನಿಯಮಾವಳಿ) ಅಥವಾ ಸಂಸ್ಥೆಯ ನಿಯಮದ ಪ್ರಕಾರ ಮಾಲೀಕರು ಆದೇಶ ಹೊರಡಿಸಿದ್ದರೆ ಮಾತ್ರ ಸರ್ವಿಸ್ ತುಂಡಾಗುತ್ತದೆ.

ಹಾಗಾಗಿ ಹೆಚ್.ಆರ್. ಹತ್ತಿರ ಒಂದೇ ಪ್ರಶ್ನೆ ಕೇಳಿ: "ಆ ಆದೇಶ ಎಲ್ಲಿದೆ?" ಹಾಜರಿ ಪುಸ್ತಕದಲ್ಲಿ 'ಎ' ಅಂತ ಬರೆದಿರುವುದು ಆದೇಶ ಅಲ್ಲ. ಆ ತಿಂಗಳ ಸಂಬಳದಲ್ಲಿ 18 ದಿನ ಕಡಿದಿರುವುದೂ ಆದೇಶ ಅಲ್ಲ. ಸಂಬಳ ಕಡಿದು, ಮತ್ತೆ ಕೆಲಸಕ್ಕೆ ಕೂರಿಸಿಕೊಂಡು, ಎರಡು ವರ್ಷ ದುಡಿಸಿಕೊಂಡು, ಬಿಡುವ ದಿನ "ಆವತ್ತೇ ಬ್ರೇಕ್ ಆಗಿತ್ತು" ಅನ್ನುವ ಹಾಗಿಲ್ಲ.

ಇನ್ನು ಐದು ವರ್ಷದ ಮಾತು. ಇದೇ ಮುಖ್ಯವಾದದ್ದು, ಸ್ವಲ್ಪ ನಿಧಾನವಾಗಿ ನೋಡೋಣ.

ಗ್ರಾಚ್ಯುಟಿಯ ವರ್ಷ ಜನವರಿಯಿಂದ ಶುರುವಾಗುವುದಿಲ್ಲ, ಏಪ್ರಿಲ್‌ನಿಂದಲೂ ಅಲ್ಲ. ಸೇರಿದ ದಿನದಿಂದ ಶುರು. ಅಮ್ಮನ ವರ್ಷ ಆಗಸ್ಟ್ 17ರಿಂದ ಆಗಸ್ಟ್ 16. ಹಾಗೆ ಎಣಿಸಿದರೆ 2024ರ ಆಗಸ್ಟ್ 16ಕ್ಕೆ ನಾಲ್ಕು ವರ್ಷ ಪೂರ್ತಿ. ಐದನೇ ವರ್ಷ 2024ರ ಆಗಸ್ಟ್ 17ರಿಂದ 2025ರ ಜೂನ್ 9ರವರೆಗೆ. ಕ್ಯಾಲೆಂಡರ್ ಹಿಡಿದು ಎಣಿಸಿ: ಆಗಸ್ಟ್‌ನಲ್ಲಿ 15, ಸೆಪ್ಟೆಂಬರ್ 30, ಅಕ್ಟೋಬರ್ 31, ನವೆಂಬರ್ 30, ಡಿಸೆಂಬರ್ 31, ಜನವರಿ 31, ಫೆಬ್ರವರಿ 28, ಮಾರ್ಚ್ 31, ಏಪ್ರಿಲ್ 30, ಮೇ 31, ಜೂನ್‌ನಲ್ಲಿ 9. ಒಟ್ಟು 297 ದಿನ.

ಐದನೇ ವರ್ಷ ತುಂಬಿಲ್ಲ ನಿಜ. ಈಗ ಊರುಗೋಲು ಬೇಕು, 2ಎ ಎರಡನೇ ಭಾಗಕ್ಕೆ ಹೋಗೋಣ. 240 ದಿನ ಕೆಲಸ ಮಾಡಿದ್ದರೆ ವರ್ಷ ಪೂರ್ತಿ ಆದಂತೆ. ನಾಲ್ಕು ವರ್ಷದ ಮೇಲೆ ಐದನೇ ವರ್ಷದಲ್ಲಿ 240 ದಿನ ಆದರೆ ಐದು ವರ್ಷದ ನಿರಂತರ ಸೇವೆ ಆದಂತೆಯೇ ಅಂತ ಮದ್ರಾಸ್ ಹೈಕೋರ್ಟ್ ಮೆಟ್ಟೂರು ಬಿಯರ್ಡ್‌ಸೆಲ್ ಕೇಸಿನಲ್ಲಿ 1998ರಲ್ಲಿ ಹೇಳಿದೆ. ನಿಮಗೆ ಇದ್ದದ್ದು ಇದ್ದ ಹಾಗೆ ಹೇಳಬೇಕು. ಬೇರೆ ರಾಜ್ಯದ ಹೈಕೋರ್ಟ್ ತೀರ್ಪು ನಮ್ಮ ಅಧಿಕಾರಿಗಳನ್ನು ಕಟ್ಟಿಹಾಕುವುದಿಲ್ಲ, ಆದರೆ ಅದಕ್ಕೆ ತೂಕ ಇದೆ. ಕೆಲವು ಮಾಲೀಕರು "ಐದು ವರ್ಷ ಅಂದರೆ ಐದು ವರ್ಷ" ಅಂತ ಹಟ ಹಿಡಿಯುತ್ತಾರೆ. ಆಗ ಕಾಯ್ದೆಯ ಪದಗಳನ್ನೇ ತೋರಿಸಿ. ಐದು ವರ್ಷ ಅಂತ ಹೇಳುವ 4ನೇ ಸೆಕ್ಷನ್ ಕೇಳುವುದು 'ನಿರಂತರ ಸೇವೆ'. ನಿರಂತರ ಸೇವೆ ಅಂದರೆ ಏನು ಅಂತ ಹೇಳುವುದು 2ಎ. ಒಂದನ್ನು ಬಿಟ್ಟು ಇನ್ನೊಂದನ್ನು ಓದಲು ಆಗುವುದಿಲ್ಲ.

ಮಾಲೀಕರ ಕಡೆಯವರು ಆಮೇಲೆ ಹೇಳುವುದು ಇದು: "297ರಲ್ಲಿ ಭಾನುವಾರ ಕಳೆಯಿರಿ." ಸರಿ, ಕಳೆದೇ ನೋಡೋಣ. 2024ರ ಆಗಸ್ಟ್ 18ರಿಂದ 2025ರ ಜೂನ್ 8ರವರೆಗೆ 43 ಭಾನುವಾರ. 297ರಲ್ಲಿ 43 ಹೋದರೆ 254. ಹಬ್ಬದ ರಜೆಗಳನ್ನು ಕಳೆದರೂ 240ರ ಆಸುಪಾಸಿನಲ್ಲೇ ಇರುತ್ತದೆ. ಅಮ್ಮ ಮಧ್ಯೆ ಒಂದಷ್ಟು ರಜೆ ಹಾಕಿದ್ದರೆ ಕಡಿಮೆ ಆಗಬಹುದು. ಆದರೆ ಭಾನುವಾರ ಕಳೆಯಬೇಕಾಗಿಯೇ ಇಲ್ಲ. ಅಮೆರಿಕನ್ ಎಕ್ಸ್‌ಪ್ರೆಸ್ ಬ್ಯಾಂಕಿನ ಕಾರ್ಮಿಕರ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1985ರಲ್ಲೇ ಇದನ್ನು ತೀರ್ಮಾನಿಸಿದೆ. ಸಂಬಳ ಕೊಡುವ ಭಾನುವಾರಗಳು, ಸಂಬಳ ಸಹಿತ ರಜಾದಿನಗಳು ಕೆಲಸ ಮಾಡಿದ ದಿನಗಳೇ. ಅದು ಕೈಗಾರಿಕಾ ವಿವಾದ ಕಾಯ್ದೆಯ 25ಬಿ ಬಗ್ಗೆ ಬಂದ ತೀರ್ಪು. ಗ್ರಾಚ್ಯುಟಿ ಕಾಯ್ದೆಯಲ್ಲೂ ಅದೇ ಮಾತಿದೆ, ಹಾಗಾಗಿ ಇಲ್ಲೂ ಹಿಡಿಯುತ್ತದೆ. ತಿಂಗಳ ಸಂಬಳದವರಿಗೆ ವಾರದ ರಜೆಯೂ ಸಂಬಳದ ಒಳಗೇ ಬರುತ್ತದಲ್ವಾ? ಗ್ರಾಚ್ಯುಟಿಯನ್ನು 26ರಿಂದ ಭಾಗಿಸುವುದೂ ಅದಕ್ಕೇ: ತಿಂಗಳ ಸಂಬಳ ಅಂದರೆ 26 ದಿನದ ಕೂಲಿ, ಅದರಲ್ಲೇ ನಾಲ್ಕು ಭಾನುವಾರ ಅಡಗಿದೆ.

ಹಣದ ಲೆಕ್ಕ ಇನ್ನು ಸುಲಭ. ಕೊನೆಯ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಬೇಕು. 13,000ವನ್ನು 26ರಿಂದ ಭಾಗಿಸಿದರೆ 500. ಹದಿನೈದು ದಿನಕ್ಕೆ 7,500. ಐದು ವರ್ಷಕ್ಕೆ 37,500. ಇಲ್ಲಿ ಐದು ಎಲ್ಲಿಂದ ಬಂತು ಅಂದರೆ, ಹಣ ಲೆಕ್ಕ ಹಾಕುವಾಗ ಆರು ತಿಂಗಳು ಮೀರಿದ ಚೂರು ವರ್ಷವನ್ನು ಪೂರ್ತಿ ವರ್ಷ ಅಂತ ಹಿಡಿಯಬೇಕು. ನಾಲ್ಕು ವರ್ಷ ಒಂಬತ್ತು ತಿಂಗಳು ಚಿಲ್ಲರೆ ಐದಾಗುತ್ತದೆ.

ಇಲ್ಲೊಂದು ಗೊಂದಲ ತುಂಬಾ ಜನಕ್ಕೆ ಇದೆ. ಆರು ತಿಂಗಳ ನಿಯಮ ಬರುವುದು ಹಣ ಎಣಿಸುವಾಗ ಮಾತ್ರ. ಅರ್ಹತೆ ಇದೆಯೋ ಇಲ್ಲವೋ ಅಂತ ನೋಡುವಾಗ ಅದು ಬರುವುದಿಲ್ಲ. ನಾಲ್ಕು ವರ್ಷ ಏಳು ತಿಂಗಳಿಗೆ ಬಿಟ್ಟವರು "ಆರು ತಿಂಗಳು ದಾಟಿದೆ, ಐದಾಯಿತು" ಅಂತ ಬಂದರೆ ನಾನು ಇಲ್ಲ ಅನ್ನಲೇಬೇಕಾಗುತ್ತದೆ. ಅವರಿಗೆ 240 ಬೇಕೇ ಬೇಕು. ಕೆಲಸ ಬಿಡುವ ಯೋಚನೆ ಇರುವವರು ರಾಜೀನಾಮೆಯ ತಾರೀಕನ್ನು ಬರೆಯುವ ಮುಂಚೆ ಈ ಎಣಿಕೆ ಮಾಡಿಕೊಳ್ಳಿ. ಎರಡು ವಾರ ತಡೆದಿದ್ದರೆ ಸಿಗುತ್ತಿದ್ದ ಹಣ ಕೈತಪ್ಪಿದ್ದನ್ನು ನೋಡುವುದು ಕಷ್ಟ. ಸಾವಾದರೆ ಅಥವಾ ಅಂಗವಿಕಲತೆಯಿಂದ ಕೆಲಸ ಬಿಡಬೇಕಾದರೆ ಐದು ವರ್ಷದ ಷರತ್ತೇ ಇಲ್ಲ.

ಸಹಿ ಹಾಕಿಸಿಕೊಂಡ ಪೇಪರಿನ ಬಗ್ಗೆ ಹೆದರಬೇಡಿ. ಗ್ರಾಚ್ಯುಟಿ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಯಾವ ಒಪ್ಪಂದವೂ, ಯಾವ ಬರಹವೂ ಕಾಯ್ದೆಯನ್ನು ಮೀರುವುದಿಲ್ಲ. ಲೆಕ್ಕ ಚುಕ್ತಾ ಆಗಿದೆ ಅಂತ ಬರೆದುಕೊಟ್ಟರೂ ಕೊಡದೇ ಇರುವ ಗ್ರಾಚ್ಯುಟಿ ಕೊಟ್ಟಂತೆ ಆಗುವುದಿಲ್ಲ.

ಈಗ ದೊಡ್ಡಮ್ಮನ ವಿಷಯ.

ಪಿ.ಎಫ್.ಗಾಗಿ ರಾಜೀನಾಮೆ ಕೊಟ್ಟು ಮತ್ತೆ ಸೇರುವುದು ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ಎಷ್ಟು ಸಾಮಾನ್ಯ ಅಂತ ಈ ಕ್ಷೇತ್ರದಲ್ಲಿ ಇರುವ ಎಲ್ಲರಿಗೂ ಗೊತ್ತು. ಹೆಂಗಸರಿಗೆ ಕೈಯಲ್ಲಿ ಒಟ್ಟಾಗಿ ಸಿಗುವ ಹಣ ಅದೊಂದೇ. ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಾಗ, 2016ರ ಏಪ್ರಿಲ್‌ನಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಗೂ ತುಮಕೂರು ರಸ್ತೆಗೂ ಇಳಿದರು. ಎರಡೇ ದಿನದಲ್ಲಿ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ಆ ಹಣ ಅವರಿಗೆ ಎಷ್ಟು ಮುಖ್ಯ ಅಂತ ಅದರಿಂದಲೇ ತಿಳಿಯುತ್ತದೆ. ಆದರೆ ಆ ಹಣಕ್ಕಾಗಿ ಕೊಡುವ ರಾಜೀನಾಮೆ ಇನ್ನೊಂದು ಕಡೆ ಏನನ್ನು ಕಿತ್ತುಕೊಳ್ಳುತ್ತದೆ ಅಂತ ಆ ಹೊತ್ತಿಗೆ ಯಾರೂ ಹೇಳುವುದಿಲ್ಲ.

ರಾಜೀನಾಮೆ ಅಂಗೀಕಾರ ಆದರೆ ನೌಕರಿ ಮುಗಿದಂತೆ. ಕಾಯಿಲೆ, ಗೈರು ಇವುಗಳ ಹಾಗೆ ಅದು ಮಧ್ಯದ ಅಡಚಣೆ ಅಲ್ಲ. ಮತ್ತೆ ಸೇರಿದ್ದು ಹೊಸ ಸರ್ವಿಸ್ ಅಂತ ಮಾಲೀಕರು ಹೇಳಬಹುದು, ಅದರಲ್ಲಿ ಸ್ವಲ್ಪ ಹುರುಳಿದೆ. ಅದಕ್ಕೆ ಉತ್ತರ ಎರಡು ದಾರಿಯಲ್ಲಿ ಇದೆ.

ಒಂದು, ಆ ರಾಜೀನಾಮೆ ನಿಜವಾದದ್ದೇ ಅಂತ ನೋಡುವುದು. ದೊಡ್ಡಮ್ಮ ಆ ಎರಡು ವಾರ ನಿಜವಾಗಿ ಮನೆಯಲ್ಲಿದ್ದರೋ, ಕಾಗದದಲ್ಲಿ ಮಾತ್ರ ಬಿಟ್ಟು ಲೈನಿನಲ್ಲೇ ಕೂತಿದ್ದರೋ? ರಾಜೀನಾಮೆ ಪತ್ರ ಅವರೇ ಬರೆದಿದ್ದೋ, ಆಫೀಸಿನಲ್ಲಿ ಟೈಪ್ ಮಾಡಿಟ್ಟ ಹಾಳೆಗೆ ಹೆಬ್ಬೆಟ್ಟು ಒತ್ತಿಸಿದ್ದೋ? ಆಗ ಗ್ರಾಚ್ಯುಟಿ ಸೆಟಲ್‌ಮೆಂಟ್ ಏನಾದರೂ ಮಾಡಿದ್ದರೋ? ಅದೇ ಬ್ಯಾಚಿನ ಹತ್ತಾರು ಜನರಿಗೆ ಒಟ್ಟಿಗೇ ಹೀಗೆ ಮಾಡಿಸಿದ್ದರೋ? ಇವೆಲ್ಲ ಸೇರಿ, ಕೆಲಸ ನಿಂತೇ ಇರಲಿಲ್ಲ, ಬರೀ ಕಾಗದದ ಆಟ ಅಂತ ತೋರಿಸಿದರೆ 2014ರಿಂದ ಒಂದೇ ಸರ್ವಿಸ್ ಅಂತ ವಾದಿಸಲು ಜಾಗ ಇದೆ.

ಎರಡನೇ ದಾರಿಯನ್ನು ಯಾರೂ ನೋಡುವುದೇ ಇಲ್ಲ, ಅದಕ್ಕೇ ಸ್ವಲ್ಪ ಒತ್ತಿ ಹೇಳುತ್ತೇನೆ. ರಾಜೀನಾಮೆ ನಿಜ ಅಂತಲೇ ಒಪ್ಪಿಕೊಳ್ಳೋಣ. ಆಗ ಮೊದಲ ಸರ್ವಿಸ್ 2014ರ ಮಾರ್ಚ್ 3ರಿಂದ 2018ರ ನವೆಂಬರ್ 24. ನಾಲ್ಕು ವರ್ಷ 2018ರ ಮಾರ್ಚ್ 2ಕ್ಕೆ ಮುಗಿಯಿತು. ಅಲ್ಲಿಂದ ನವೆಂಬರ್ 24ರವರೆಗೆ ಎಣಿಸಿದರೆ 267 ದಿನ. 240 ದಾಟಿದೆ! ಅಂದರೆ ಆ ಮೊದಲ ತುಂಡಿಗೇ ಬೇರೆಯಾಗಿ ಗ್ರಾಚ್ಯುಟಿ ಬರಬೇಕಿತ್ತು. ಭಾನುವಾರದ ಲೆಕ್ಕ ಎಷ್ಟು ಮುಖ್ಯ ಅಂತ ಇಲ್ಲಿ ನೋಡಿ. ಆ ಅವಧಿಯಲ್ಲಿ 38 ಭಾನುವಾರ ಇವೆ. ಕಳೆದರೆ 229, ಅರ್ಹತೆ ಹೋಯಿತು. ಸುಪ್ರೀಂ ಕೋರ್ಟ್ ಹೇಳಿದ ಹಾಗೆ ಸೇರಿಸಿದರೆ, ಸಂಬಳವಿಲ್ಲದ ಗೈರು 27 ದಿನದ ಒಳಗಿದ್ದರೆ, ಅರ್ಹತೆ ಉಳಿಯಿತು. ಹಾಗಾಗಿ 2018ರ ಮಾರ್ಚ್‌ನಿಂದ ನವೆಂಬರ್‌ವರೆಗಿನ ಪೇ ಸ್ಲಿಪ್ ಹುಡುಕಿ, ಪ್ರತಿ ತಿಂಗಳು ಎಷ್ಟು ದಿನಕ್ಕೆ ಸಂಬಳ ಕೊಟ್ಟಿದ್ದಾರೆ ಅಂತ ಕೂಡಿಸಿ.

ಇಷ್ಟು ವರ್ಷ ಆಯಿತಲ್ಲ, ಈಗ ಕೇಳಬಹುದೇ? ಕೇಳಬಹುದು. ನೌಕರರು ಅರ್ಜಿ ಕೊಡಲಿ ಬಿಡಲಿ, ಗ್ರಾಚ್ಯುಟಿ ಲೆಕ್ಕ ಹಾಕಿ ತಿಳಿಸುವುದು ಮಾಲೀಕರ ಕೆಲಸ ಅಂತ 7ನೇ ಸೆಕ್ಷನ್ನಿನಲ್ಲಿದೆ. ಅರ್ಜಿ ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ಹಕ್ಕು ಹೋಗುವುದಿಲ್ಲ. ತಡಕ್ಕೆ ಕಾರಣ ಕೊಟ್ಟು ಮನ್ನಿಸುವಂತೆ ಕೇಳಬೇಕು. ಅದೇ ಕೆಲಸದಲ್ಲಿ ಮುಂದುವರಿದಿದ್ದರು, ಸರ್ವಿಸ್ ಮುಂದುವರಿದಿದೆ ಅಂತಲೇ ನಂಬಿದ್ದರು ಅನ್ನುವುದು ಒಳ್ಳೆಯ ಕಾರಣ. ಒಂದು ಎಚ್ಚರಿಕೆ: ಮೊದಲ ತುಂಡಿಗೆ ಬೇರೆಯಾಗಿ ಕೇಳಿದರೆ 2018ರ ಸಂಬಳದ ಮೇಲೆ ಲೆಕ್ಕ. ಒಂದೇ ಸರ್ವಿಸ್ ಅಂತ ಗೆದ್ದರೆ ಕೊನೆಯ ಸಂಬಳದ ಮೇಲೆ, ಎಲ್ಲಾ ವರ್ಷಕ್ಕೂ. ದೊಡ್ಡಮ್ಮ ಇನ್ನೂ ಕೆಲಸದಲ್ಲಿ ಇರುವುದರಿಂದ, ಯಾವ ದಾರಿ ಹಿಡಿಯಬೇಕು ಅಂತ ಕಾಗದಗಳನ್ನು ನೋಡಿಯೇ ತೀರ್ಮಾನಿಸಬೇಕು. ಅವರು ಬಿಡುವಾಗ ಹೊಸ ಸಂಹಿತೆ ಅನ್ವಯಿಸುತ್ತದೆ. ಕಾಯಂ ನೌಕರರಿಗೆ ಅದರಲ್ಲೂ ಐದು ವರ್ಷವೇ. ನಿಗದಿತ ಅವಧಿಯ ಒಪ್ಪಂದದಲ್ಲಿ ಇರುವವರಿಗೆ ಮಾತ್ರ ಐದು ವರ್ಷ ಕಾಯದೆ, ಕೆಲಸ ಮಾಡಿದ ಅವಧಿಗೆ ತಕ್ಕಷ್ಟು ಸಿಗುತ್ತದೆ.

ಪಿಂಚಣಿಯ ನಷ್ಟ ಬೇರೆ. ಪಿ.ಎಫ್. ಜೊತೆಗೆ ಪಿಂಚಣಿ ಖಾತೆಯ ಹಣವನ್ನೂ ದೊಡ್ಡಮ್ಮ 10ಸಿ ಫಾರಂ ಹಾಕಿ ತೆಗೆದಿದ್ದರೆ, ಆ ನಾಲ್ಕೂ ಮುಕ್ಕಾಲು ವರ್ಷ ಪಿಂಚಣಿಯ ಸರ್ವಿಸ್‌ನಿಂದ ಅಳಿಸಿಹೋಗಿದೆ. ಎಣಿಕೆ 2018ರ ಡಿಸೆಂಬರ್‌ನಿಂದ ಹೊಸದಾಗಿ ಶುರು. ಪಿಂಚಣಿಗೆ ಹತ್ತು ವರ್ಷ ಬೇಕು. ಇಲ್ಲಿ ಆರು ತಿಂಗಳು ಅಥವಾ ಅದಕ್ಕೆ ಮೇಲ್ಪಟ್ಟ ಚೂರನ್ನು ಒಂದು ವರ್ಷ ಅಂತ ಅರ್ಹತೆಗೂ ಹಿಡಿಯುತ್ತಾರೆ, ಹಾಗಾಗಿ ಒಂಬತ್ತೂವರೆ ವರ್ಷ ಆದರೆ ಸಾಕು. 2028ರ ಜೂನ್ ಹೊತ್ತಿಗೆ ಅವರಿಗೆ ಅದು ತುಂಬುತ್ತದೆ. ಅಲ್ಲಿಯವರೆಗೆ ಯಾರು ಏನೇ ಹೇಳಲಿ, ಮತ್ತೊಮ್ಮೆ 10ಸಿ ಹಾಕಬಾರದು. ಕೆಲಸ ಬಿಡಲೇಬೇಕಾಗಿ ಬಂದರೆ ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ತೆಗೆದುಕೊಳ್ಳಲಿ, ಮುಂದಿನ ಕೆಲಸದ ಸರ್ವಿಸ್ ಅದಕ್ಕೆ ಸೇರಿಕೊಳ್ಳುತ್ತದೆ. ಮದುವೆ, ಓದು, ಕಾಯಿಲೆಗೆ ಹಣ ಬೇಕಾದರೆ ಕೆಲಸದಲ್ಲಿ ಇರುವಾಗಲೇ ಪಿ.ಎಫ್.ನಿಂದ ಒಂದಷ್ಟು ತೆಗೆಯುವ ಅವಕಾಶ ಇದೆ. ರಾಜೀನಾಮೆ ಬೇಕಿಲ್ಲ.

ಇನ್ನು ನೀವು ಮಾಡಬೇಕಾದ ಕೆಲಸ. ಕಾಗದ ಮೊದಲು. 240 ದಿನ ಆಗಿದೆ ಅಂತ ಬಾಯಲ್ಲಿ ಹೇಳಿದರೆ, ಅಫಿಡವಿಟ್ ಕೊಟ್ಟರೆ ಸಾಲದು. ಇದನ್ನು ಯಲ್ಲಟ್ಟಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2005ರಲ್ಲಿ ಸ್ಪಷ್ಟವಾಗಿ ಹೇಳಿದೆ. ತೋರಿಸುವ ಮೊದಲ ಹೊಣೆ ಕೆಲಸ ಮಾಡಿದವರದ್ದು. ಆದರೆ ಹಾಜರಿ ಪುಸ್ತಕ, ಸಂಬಳದ ರಿಜಿಸ್ಟರ್ ಇರುವುದು ಮಾಲೀಕರ ಹತ್ತಿರ. ಅದನ್ನು ತರಿಸಿ ಅಂತ ಅಧಿಕಾರಿಗೆ ಅರ್ಜಿ ಕೊಡಬಹುದು ಅಂತಲೂ ಅದೇ ತೀರ್ಪಿನಲ್ಲಿದೆ. ಆ ಅರ್ಜಿ ಕೊಡಲು ಮರೆಯಬೇಡಿ, ಎಷ್ಟೋ ಕೇಸು ಸೋಲುವುದು ಇಲ್ಲೇ. ನಿಮ್ಮ ಕೈಯಲ್ಲಿ ಆಗುವುದು: ಪಿ.ಎಫ್. ಪಾಸ್‌ಬುಕ್, ಯು.ಎ.ಎನ್. (ಪಿ.ಎಫ್.ನ ಕಾಯಂ ನಂಬರ್) ಖಾತೆಯಲ್ಲಿರುವ ಸರ್ವಿಸ್ ಹಿಸ್ಟರಿ, ಇ.ಎಸ್.ಐ. ವಂತಿಗೆಯ ವಿವರ, ಬ್ಯಾಂಕಿನ ಸ್ಟೇಟ್‌ಮೆಂಟ್. ಇ.ಎಸ್.ಐ. ವಿವರದಲ್ಲಿ ತಿಂಗಳಿಗೆ ಎಷ್ಟು ದಿನಕ್ಕೆ ಸಂಬಳ ಅಂತಲೇ ಬರೆದಿರುತ್ತದೆ. ಅಮ್ಮನ ಐದನೇ ವರ್ಷಕ್ಕೆ ಅದೊಂದೇ ಸಾಕಾಗಬಹುದು.

ಆಮೇಲೆ ನಮೂನೆ 'ಐ'ನಲ್ಲಿ ಮಾಲೀಕರಿಗೆ ಅರ್ಜಿ ಬರೆದು ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿ. ಕೈಗೆ ಕೊಟ್ಟರೆ ಸ್ವೀಕೃತಿ ಹಾಕಿಸಿಕೊಳ್ಳಿ. ಕೆಲಸ ಬಿಟ್ಟ 30 ದಿನದೊಳಗೆ ಕೊಡಬೇಕು ಅಂತ ಇದೆ, ತಡವಾಗಿದ್ದಕ್ಕೆ ಐದು ವರ್ಷ ಆಗಿಲ್ಲ ಅಂತ ಹೆಚ್.ಆರ್. ತಪ್ಪು ಹೇಳಿದ್ದೇ ಕಾರಣ ಅಂತ ಬರೆಯಿರಿ. ಅವರು ಕೊಡದಿದ್ದರೆ ಅಥವಾ ಉತ್ತರವನ್ನೇ ಬರೆಯದಿದ್ದರೆ ನಮೂನೆ 'ಎನ್'ನಲ್ಲಿ ನಿಯಂತ್ರಣ ಪ್ರಾಧಿಕಾರಕ್ಕೆ ಅರ್ಜಿ. ಕರ್ನಾಟಕದಲ್ಲಿ ಅದು ಸಹಾಯಕ ಕಾರ್ಮಿಕ ಆಯುಕ್ತರು. ನಿಮ್ಮ ಫ್ಯಾಕ್ಟರಿ ಯಾರ ವ್ಯಾಪ್ತಿಗೆ ಬರುತ್ತದೆ ಅಂತ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಕೇಳಿದರೆ ಹೇಳುತ್ತಾರೆ. ಲಾಯರ್ ಇಲ್ಲದೆಯೂ ಅಮ್ಮನೇ ಅರ್ಜಿ ಹಾಕಬಹುದು. ಯೂನಿಯನ್ ಇದ್ದರೆ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ.

ಅರ್ಜಿಯಲ್ಲಿ ಬಡ್ಡಿಯನ್ನೂ ಕೇಳಿ. ಕೊಡಬೇಕಾದ ಹೊತ್ತಿಗೆ ಕೊಡದಿದ್ದರೆ ವರ್ಷಕ್ಕೆ ಶೇಕಡಾ 10ರ ಸರಳ ಬಡ್ಡಿ, ಅಂದರೆ 37,500ಕ್ಕೆ ವರ್ಷಕ್ಕೆ 3,750 ರೂಪಾಯಿ. ಅಧಿಕಾರಿಯ ಆದೇಶದ ಮೇಲೆ ಮಾಲೀಕರು ಅಪೀಲು ಹೋಗುತ್ತೇವೆ ಅಂತ ಹೆದರಿಸಬಹುದು. ಹೋಗಲಿ ಬಿಡಿ. ಅಪೀಲು ಹಾಕುವ ಮುಂಚೆ ಆದೇಶದಲ್ಲಿರುವ ಗ್ರಾಚ್ಯುಟಿ ಹಣವನ್ನು ಅವರು ಠೇವಣಿ ಇಡಲೇಬೇಕು.